ಮಧ್ಯಮ ಗ್ರಹ, ಸ್ಫುಟ ಗ್ರಹ: ಕೆರ್ಬಲ್ ಆಟದ ಕಕ್ಷೆಗಳನ್ನು ಡೆಸ್ಮೋಸ್‌ನಲ್ಲಿ ಕಟ್ಟುವ ಬಗೆ

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ 523 ಮೀಟರ್ ಅಗಲದ ಒಂದು ಸೂರ್ಯನನ್ನು ಇಟ್ಟಿದ್ದೇವೆ ಎಂದುಕೊಳ್ಳಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ದಕ್ಷಿಣಕ್ಕೆ ಹೊರಟರೆ ಐದೂಕಾಲು ಕಿಲೋಮೀಟರಿಗೆ, ಬಿಣಗಾ ಆಸುಪಾಸಿನಲ್ಲಿ, ಮೋಹೋ ಎಂಬ ಮೊದಲ ಗ್ರಹ ಸಿಗುತ್ತದೆ. 9.8 ಕಿಲೋಮೀಟರಿಗೆ ಈವ್. 13.6 ಕಿಲೋಮೀಟರಿಗೆ, ಅಮದಳ್ಳಿಯ ಹತ್ತಿರ, ಕೆರ್ಬಿನ್. ಇದು 1.2 ಮೀಟರ್ ಅಗಲದ ಚೆಂಡು. ಇದರಿಂದ 12 ಮೀಟರ್ ಆಚೆ 40 ಸೆಂಟಿಮೀಟರ್ ಅಗಲದ ಅದರ ಚಂದ್ರ ಮನ್. 20.7 ಕಿಲೋಮೀಟರಿಗೆ ಕೆಂಪು ಗ್ರಹ ಡೂನಾ. ಅಂಕೋಲೆ ದಾಟಿ 40.8ಕ್ಕೆ ಡ್ರೆಸ್, ಕುಮಟಾದ ಆಸುಪಾಸು 68.8ಕ್ಕೆ ಹಸಿರು ದೈತ್ಯ ಜೂಲ್, ಹೊನ್ನಾವರ ಮುಟ್ಟುವ ಹೊತ್ತಿಗೆ 90.1ಕ್ಕೆ ಕೊನೆಯ ಗ್ರಹ ಈಲೂ. ಹತ್ತು ಲಕ್ಷಕ್ಕೆ ಒಂದರ ಈ ಅಳತೆಯಲ್ಲಿ ನಿಜವಾದ ಭೂಮಿಯನ್ನು ಇಡಬೇಕೆಂದರೆ 149.6 ಕಿಲೋಮೀಟರ್ ಹೋಗಬೇಕು. ಅಷ್ಟರಲ್ಲಿ ಉತ್ತರ ಕನ್ನಡವೇ ಮುಗಿದು ಉಡುಪಿ ಜಿಲ್ಲೆ ಶುರುವಾಗಿರುತ್ತದೆ.

ಇದು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಆಟದ ಸೌರಮಂಡಲ. ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಇದರ ಮೊದಲ ರೂಪವನ್ನು ಹೊರಬಿಟ್ಟು 2015ರಲ್ಲಿ ಪೂರ್ಣ ಆವೃತ್ತಿ ಕೊಟ್ಟಿತು. ರಾಕೆಟ್ ಕಟ್ಟಿ ಹಾರಿಸುವ ಆಟ. ಡೂನಾಕ್ಕೆ ಯಾವತ್ತು ಹೊರಡಬೇಕು ಎಂಬ ಪ್ರಶ್ನೆ ಎದುರಾದಾಗ ಹೆಚ್ಚಿನವರು ಯಾರೋ ಮಾಡಿಟ್ಟ ಕೋಷ್ಟಕ ನೋಡುತ್ತಾರೆ. ಆದರೆ ಮಳೆಗಾಲದ ಒಂದು ರಜಾದಿನದಲ್ಲಿ, ದುಡ್ಡಿಲ್ಲದೆ ಸಿಗುವ ಡೆಸ್ಮೋಸ್ ಎಂಬ ಗ್ರಾಫ್ ತಂತ್ರಾಂಶದಲ್ಲಿ ಹನ್ನೆರಡು ಹದಿಮೂರು ಸಾಲು ಬರೆದರೆ ಆ ಕೋಷ್ಟಕ ಎಲ್ಲಿಂದ ಬಂತು ಎಂಬುದೇ ಕೈಗೆ ಸಿಗುತ್ತದೆ. ಪಿಯುಸಿ ಗಣಿತ ಗೊತ್ತಿದ್ದರೆ ಸಾಕು.

ಆಟದ ಗ್ರಹಗಳನ್ನು ಲೆಕ್ಕ ಹಾಕುವುದು ನಿಜವಾದ ಗ್ರಹಗಳಿಗಿಂತ ಸುಲಭ. ನಿಜವಾದ ಗುರು ಶನಿಯನ್ನು ಎಳೆಯುತ್ತದೆ, ಶನಿ ಗುರುವನ್ನು ಎಳೆಯುತ್ತದೆ, ಕಕ್ಷೆಗಳು ನಿಧಾನವಾಗಿ ಜಾರುತ್ತವೆ. ಆಟದ ಗ್ರಹಗಳು ಒಂದನ್ನೊಂದು ಸೆಳೆಯುವುದೇ ಇಲ್ಲ. ಕೊಂಕಣ ರೈಲು ಹಳಿ ಬಿಟ್ಟು ಹೋಗದ ಹಾಗೆ ಪ್ರತಿ ಗ್ರಹವೂ ತನ್ನ ದೀರ್ಘವೃತ್ತದ ಮೇಲೆ ಸಾವಿರ ವರ್ಷವಾದರೂ ಅದೇ ದಾರಿಯಲ್ಲಿ ಓಡುತ್ತದೆ. ಹಾಗಾಗಿ ಡೆಸ್ಮೋಸ್‌ನಲ್ಲಿ ಸರಿಯಾಗಿ ಕಟ್ಟಿದ ಮಾದರಿ ಆಟದ ಜತೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಬೇಕು. ಹೊಂದದಿದ್ದರೆ ತಪ್ಪು ನಮ್ಮ ಲೆಕ್ಕದಲ್ಲೇ ಇದೆ ಎಂದು ಖಚಿತವಾಗಿ ಹೇಳಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ರೈಲಿನ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. ಹಳಿಯ ನಕ್ಷೆ ಬೇರೆ, ವೇಳಾಪಟ್ಟಿ ಬೇರೆ. ಕಕ್ಷೆಯ ಆಕಾರ ಬರೆಯುವುದು ಹಳಿಯ ನಕ್ಷೆ ಬರೆದಂತೆ; ಅದು ಹತ್ತು ನಿಮಿಷದ ಕೆಲಸ. ಇಂಥ ದಿನ ಗ್ರಹ ಆ ಹಳಿಯ ಮೇಲೆ ಎಲ್ಲಿದೆ ಎಂದು ಹೇಳುವುದು ವೇಳಾಪಟ್ಟಿ. ಕಷ್ಟ ಇರುವುದೆಲ್ಲ ಅಲ್ಲಿ.

ಮೊದಲು ಹಳಿ. ಅಡಿಕೆ ಒಣಗಿಸುವ ಅಂಗಳವೊಂದರಲ್ಲಿ 46.9 ಸೆಂಟಿಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. 180.2 ಸೆಂಟಿಮೀಟರ್ ಉದ್ದದ ಹುರಿಯ ಎರಡು ತುದಿಗಳನ್ನು ಆ ಗೂಟಗಳಿಗೆ ಕಟ್ಟಿ, ಹುರಿಯನ್ನು ಕಡ್ಡಿಯಿಂದ ಬಿಗಿಯಾಗಿ ಹಿಡಿದು ಸುತ್ತ ಗೆರೆ ಎಳೆಯಿರಿ. ಒಂದು ಸೆಂಟಿಮೀಟರಿಗೆ ನೂರು ಕೋಟಿ ಮೀಟರಿನಂತೆ, ಅಂದರೆ ಒಂದು ಗಿಗಾಮೀಟರಿನಂತೆ, ಈಲೂವಿನ ಕಕ್ಷೆ ಸಿದ್ಧ. ಒಂದು ಗೂಟವೇ ಸೂರ್ಯ. ಈಗ ಅಳೆದು ನೋಡಿ: ಉದ್ದ 180.2, ಅಗಲ 174.0. ಆರು ಸೆಂಟಿಮೀಟರಿನ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ, ನೋಡಿದವರು ವೃತ್ತ ಎಂದೇ ಹೇಳುತ್ತಾರೆ. ಆದರೆ ಸೂರ್ಯನ ಗೂಟ ನಡುವಿನಿಂದ 23.4 ಸೆಂಟಿಮೀಟರ್ ಪಕ್ಕಕ್ಕಿದೆ; ಅದು ಎದ್ದು ಕಾಣುತ್ತದೆ. ಗ್ರಹ ಸೂರ್ಯನಿಗೆ ಹತ್ತಿರ ಬಂದಾಗ 66.7, ದೂರ ಹೋದಾಗ 113.5. ಕರಾವಳಿಯ ನಮ್ಮ ನಕ್ಷೆಯಲ್ಲಾದರೆ ಈಲೂ ಕುಮಟಾಕ್ಕಿಂತ ಈಚೆಯಿಂದ ಹಿಡಿದು ಮುರ್ಡೇಶ್ವರದ ಹತ್ತಿರದವರೆಗೆ ಓಡಾಡುತ್ತದೆ, ನಡುವೆ ಜೂಲ್‌ನ ದಾರಿಯನ್ನೂ ದಾಟುತ್ತದೆ. ಹೊಸಬರು ಮಾಡುವ ಮೊದಲ ತಪ್ಪು ಇಲ್ಲೇ. ಮೊಟ್ಟೆಯಂತೆ ಚಪ್ಪಟೆಯಾದ ದೀರ್ಘವೃತ್ತ ಬರೆದು ಸೂರ್ಯನನ್ನು ಅದರ ನಟ್ಟನಡುವೆ ಇಡುತ್ತಾರೆ. ಇರಬೇಕಾದ್ದು ಇದಕ್ಕೆ ತಿರುಗುಮುರುಗು: ಆಕಾರ ಬಹುಮಟ್ಟಿಗೆ ವೃತ್ತ, ಸೂರ್ಯ ಪಕ್ಕಕ್ಕೆ.

ಇನ್ನು ವೇಳಾಪಟ್ಟಿ. ಇದಕ್ಕೆ ಬೇಕಾದ ಮಾತುಗಳು ನಮ್ಮ ಪಂಚಾಂಗದಲ್ಲೇ ಇವೆ. ಪಂಚಾಂಗ ಗಣಿತ ಬಲ್ಲವರು ಮೊದಲು ಮಧ್ಯಮ ಗ್ರಹವನ್ನು ತೆಗೆಯುತ್ತಾರೆ. ಗ್ರಹ ಗಡಿಯಾರದ ಮುಳ್ಳಿನಂತೆ ಒಂದೇ ವೇಗದಲ್ಲಿ ತಿರುಗಿದ್ದರೆ ಎಲ್ಲಿರುತ್ತಿತ್ತೋ ಅದು ಮಧ್ಯಮ. ನಿಜವಾಗಿ ಆಕಾಶದಲ್ಲಿ ಕಾಣುವ ಜಾಗ ಸ್ಫುಟ. ಇವೆರಡರ ನಡುವಿನ ತಿದ್ದುಪಡಿ ಮಂದಫಲ. ನೀಚದಲ್ಲಿ, ಅಂದರೆ ಸೂರ್ಯನಿಗೆ ಹತ್ತಿರವಿದ್ದಾಗ ಗ್ರಹ ಚುರುಕು; ಉಚ್ಚದಲ್ಲಿ, ಅಂದರೆ ದೂರವಿದ್ದಾಗ ಮಂದ. ಈಲೂವಿನ ವೇಗ ನೀಚದಲ್ಲಿ ಉಚ್ಚದ 1.7 ಪಟ್ಟು. ಪಂಚಾಂಗದ ಪದ್ಧತಿ ಉಚ್ಚದಿಂದ ಎಣಿಸುತ್ತದೆ, ಆಟ ನೀಚದಿಂದ ಎಣಿಸುತ್ತದೆ. ಉಳಿದಂತೆ ಕೆಲಸ ಒಂದೇ, ಮಧ್ಯಮದಿಂದ ಸ್ಫುಟಕ್ಕೆ ಹೋಗುವುದು. ಆಟದ ಕಂಪ್ಯೂಟರೂ ಪ್ರತಿ ಕ್ಷಣ ಮಾಡುತ್ತಿರುವುದು ಇದನ್ನೇ.

ಸೇತುವೆ ಕಟ್ಟಿಕೊಟ್ಟವನು ಕೆಪ್ಲರ್. ಗ್ರಹವನ್ನೂ ಸೂರ್ಯನನ್ನೂ ಕೂಡಿಸುವ ಗೆರೆ ಸಮ ಕಾಲದಲ್ಲಿ ಸಮ ಕ್ಷೇತ್ರವನ್ನು ಗುಡಿಸುತ್ತದೆ ಎಂದು ಅವನು 1609ರಲ್ಲಿ ಹೇಳಿದ. ಕಾಲ ಎಂದರೆ ಕ್ಷೇತ್ರಫಲ, ಅಷ್ಟೇ. ಈಗ ಒಂದು ತ್ರಿಜ್ಯದ ವೃತ್ತ ತೆಗೆದುಕೊಳ್ಳಿ. ದೀರ್ಘವೃತ್ತವೆಂದರೆ ಇದನ್ನೇ ಒಂದು ಕಡೆಯಿಂದ ಸ್ವಲ್ಪ ಒತ್ತಿದ್ದು, ಒತ್ತಿದರೆ ಕ್ಷೇತ್ರಗಳ ಅನುಪಾತ ಬದಲಾಗುವುದಿಲ್ಲ. ವೃತ್ತದ ನಡುವಿನಿಂದ ನೋಡಿದಾಗ ಗ್ರಹ ನೀಚದಿಂದ ಎಷ್ಟು ಕೋನ ತಿರುಗಿದೆಯೋ ಅದನ್ನು ಜಿ ಎನ್ನೋಣ. ನಡುವಿನಿಂದ ಕತ್ತರಿಸಿದ ಹೋಳಿನ ಕ್ಷೇತ್ರ ಜಿಯ ಅರ್ಧ. ಆದರೆ ಸೂರ್ಯ ನಡುವಿನಲ್ಲಿ ಇಲ್ಲ, ಕೆ ದೂರ ಪಕ್ಕದಲ್ಲಿದೆ. ಈ ಕೆ ಎಂಬುದೇ ಉತ್ಕೇಂದ್ರತೆ. ಸೂರ್ಯನಿಂದ ಗುಡಿಸಿದ ಕ್ಷೇತ್ರ ಬೇಕಾದರೆ ನಡು, ಸೂರ್ಯ, ಗ್ರಹ ಈ ಮೂರು ಬಿಂದುಗಳ ತ್ರಿಭುಜವನ್ನು ಹೋಳಿನಿಂದ ಕಳೆಯಬೇಕು. ಆ ತ್ರಿಭುಜದ ಪಾದ ಕೆ, ಎತ್ತರ ಸೈನ್ ಜಿ, ಕ್ಷೇತ್ರ ಇವುಗಳ ಗುಣಲಬ್ಧದ ಅರ್ಧ. ಮಧ್ಯಮ ಕೋನವನ್ನು ಎಂ ಎಂದರೆ, ಅರ್ಧಗಳನ್ನೆಲ್ಲ ಹೊಡೆದು ಹಾಕಿ ಉಳಿಯುವುದು:

ಎಂ = ಜಿ − ಕೆ × ಸೈನ್ ಜಿ

ಇದು ಕೆಪ್ಲರ್ ಸಮೀಕರಣ. ಜಿ ಗೊತ್ತಿದ್ದರೆ ಎಂ ಕ್ಷಣದಲ್ಲಿ ಸಿಗುತ್ತದೆ. ನಮಗೆ ಗೊತ್ತಿರುವುದು ದಿನಾಂಕ, ಅಂದರೆ ಎಂ, ಬೇಕಾಗಿರುವುದು ಜಿ. ಸಮೀಕರಣವನ್ನು ಎಷ್ಟು ತಿರುಗಿಸಿದರೂ ಜಿ ಒಂಟಿಯಾಗಿ ಈಚೆ ಬರುವುದಿಲ್ಲ, ಒಂದು ಜಿ ಸೈನ್ ಒಳಗೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಊಹಿಸಿ ತಿದ್ದುವ ದಾರಿ ಹಿಡಿಯಬೇಕು. ನ್ಯೂಟನ್ ವಿಧಾನದಲ್ಲಿ ಊಹೆಯಿಂದ ಬಂದ ತಪ್ಪನ್ನು ಆ ಜಾಗದ ಇಳಿಜಾರಿನಿಂದ ಭಾಗಿಸಿ ಊಹೆಯಿಂದಲೇ ಕಳೆಯುತ್ತೇವೆ.

ಈಲೂವಿನ ಮಧ್ಯಮ ಕೋನ 1 ರೇಡಿಯನ್ ಇದ್ದಾಗ ಏನಾಗುತ್ತದೆ ನೋಡಿ. ಕೆ 0.26. ಮೊದಲ ಊಹೆಯಾಗಿ ಎಂ ಅನ್ನೇ, ಅಂದರೆ 1 ಅನ್ನೇ ಇಡೋಣ. ಒಂದು ಸಲ ತಿದ್ದಿದರೆ 1.25454. ಇನ್ನೊಂದು ಸಲಕ್ಕೆ 1.24645. ಮೂರನೆಯ ಸಲಕ್ಕೆ 1.24644, ಅಲ್ಲಿಗೆ ನಿಂತಿತು. ಮೂರೇ ಹೆಜ್ಜೆ. ಈ ಜಿಯಿಂದ ಸೂರ್ಯನ ಕಡೆಯಿಂದ ನೋಡುವ ಸ್ಫುಟ ಕೋನ ತೆಗೆದರೆ 86.3 ಡಿಗ್ರಿ; ಮಧ್ಯಮ ಇದ್ದದ್ದು 57.3 ಡಿಗ್ರಿ. ಮಂದಫಲವೇ 29 ಡಿಗ್ರಿ! ಕೆಪ್ಲರ್ ಸಮೀಕರಣ ಬಿಟ್ಟು ಮಧ್ಯಮ ಕೋನದಲ್ಲೇ ಗ್ರಹವನ್ನು ನಿಲ್ಲಿಸಿದ್ದರೆ ಕರಾವಳಿಯ ಅಳತೆಯಲ್ಲಿ ಸುಮಾರು 42 ಕಿಲೋಮೀಟರ್ ತಪ್ಪುತ್ತಿತ್ತು. ಕಾರವಾರದಿಂದ ಅಂಕೋಲೆಗೆ ಇರುವುದಕ್ಕಿಂತ ಹೆಚ್ಚು.

ಈಗ ಡೆಸ್ಮೋಸ್ ತೆರೆಯಿರಿ. ಮೊದಲ ತೀರ್ಮಾನ ಏಕಮಾನದ್ದು. ಆಟ ದೂರವನ್ನು ಮೀಟರಿನಲ್ಲಿ, ಕಾಲವನ್ನು ಸೆಕೆಂಡಿನಲ್ಲಿ ಇಟ್ಟುಕೊಂಡಿದೆ. ಕೆರ್ಬಿನ್‌ನ ದೂರ ಅದರಲ್ಲಿ 13,599,840,256. ಇದನ್ನೇ ಬಳಸಿದರೆ ತಪ್ಪಾಗುವುದಿಲ್ಲ, ಆದರೆ ಪರದೆಯ ತುಂಬ ಸೊನ್ನೆಗಳು ತುಂಬಿ ಒಂದು ಸೊನ್ನೆ ಬಿಟ್ಟುಹೋದದ್ದು ಗೊತ್ತೇ ಆಗುವುದಿಲ್ಲ. ದೂರಕ್ಕೆ ಗಿಗಾಮೀಟರ್, ಕಾಲಕ್ಕೆ ಕೆರ್ಬಿನ್ ದಿನ ಇಟ್ಟುಕೊಳ್ಳುವುದು ಒಳ್ಳೆಯದು. ಕೆರ್ಬಿನ್ ದಿನಕ್ಕೆ ಆರು ಗಂಟೆ, 21,600 ಸೆಕೆಂಡು. ಸೂರ್ಯನ ಸೆಳೆತ ಎಷ್ಟೆಂದು ಹೇಳುವ ಸಂಖ್ಯೆ, ಅಂದರೆ ಗುರುತ್ವ ಸ್ಥಿರಾಂಕವನ್ನು ಸೂರ್ಯನ ರಾಶಿಯಿಂದ ಗುಣಿಸಿದ್ದು, ಆಟದಲ್ಲಿ 1.1723328 × 10¹⁸. ಹೊಸ ಏಕಮಾನಕ್ಕೆ ತಂದರೆ ಅದು 0.546964 ಎಂಬ ಪುಟ್ಟ ಸಂಖ್ಯೆಯಾಗುತ್ತದೆ. ಕೆರ್ಬಿನ್ ತನ್ನದೇ ಅಕ್ಷದ ಸುತ್ತ ನಕ್ಷತ್ರಗಳಿಗೆ ಹೋಲಿಸಿದಂತೆ ಒಂದು ಸುತ್ತು ತಿರುಗಲು 21,549 ಸೆಕೆಂಡು ಸಾಕು. ಆ ಸಂಖ್ಯೆಯನ್ನು ಇಲ್ಲಿ ದಿನವೆಂದು ಹಾಕಿಬಿಟ್ಟರೆ ವರ್ಷಕ್ಕೆ ಒಂದು ದಿನ ತಪ್ಪುತ್ತಾ ಹೋಗುತ್ತದೆ. ಆಟದ ಗಡಿಯಾರ ಎಣಿಸುವುದು 21,600ರ ದಿನವನ್ನು.

ಕೆಳಗಿನ ಸಾಲುಗಳಲ್ಲಿ ಬರುವ ಅಕ್ಷರಗಳೆಲ್ಲ ಕೀಲಿಮಣೆಯ ದೊಡ್ಡ ಇಂಗ್ಲಿಷ್ ಅಕ್ಷರಗಳು. ಎಕ್ಸ್ ಮಾತ್ರ ಚಿಕ್ಕದು. ಏಳು ಗ್ರಹಗಳೂ ಒಂದೇ ಪಟ್ಟಿಯಲ್ಲಿ, ಮೋಹೋದಿಂದ ಈಲೂವರೆಗಿನ ಕ್ರಮದಲ್ಲಿ:

ಎ = [5.263138, 9.832685, 13.59984, 20.726155, 40.839348, 68.77356, 90.11882]

ಕೆ = [0.2, 0.01, 0, 0.051, 0.145, 0.05, 0.26]

ಡಬ್ಲ್ಯೂ = [85, 15, 0, 135.5, 370, 52, 310] × ಪೈ ÷ 180

ಎಚ್ = [3.14, 3.14, 3.14, 3.14, 3.14, 0.1, 3.14]

ಎ ಎಂಬುದು ದೀರ್ಘಾಕ್ಷದ ಅರ್ಧ. ಡಬ್ಲ್ಯೂ ಎಂದರೆ ನೀಚ ಯಾವ ದಿಕ್ಕಿನಲ್ಲಿದೆ ಎಂಬುದು. ಆಟದ ಅಭಿಮಾನಿಗಳ ವಿಕಿಯಲ್ಲಿ ಇದು ಎರಡು ತುಂಡಾಗಿ ಸಿಗುತ್ತದೆ, ಪಾತದ ದಿಕ್ಕು ಒಂದು, ಪಾತದಿಂದ ನೀಚದವರೆಗಿನ ಕೋನ ಇನ್ನೊಂದು. ಪಾತ ಎಂದರೆ ಗ್ರಹದ ಕಕ್ಷೆ ಮೂಲ ಸಮತಲವನ್ನು ಮೇಲ್ಮುಖವಾಗಿ ದಾಟುವ ಬಿಂದು. ಸಮತಲದ ಮಾದರಿಗೆ ಎರಡನ್ನೂ ಕೂಡಿದರೆ ಸಾಕು. ಮೋಹೋಗೆ 70 ಮತ್ತು 15 ಸೇರಿ 85. ಡ್ರೆಸ್‌ಗೆ 280 ಮತ್ತು 90 ಸೇರಿ 370. ಅದನ್ನು 10 ಎಂದು ಬರೆದರೂ ಒಂದೇ. ಎಚ್ ಎಂದರೆ ಆಟ ಶುರುವಾದ ಕ್ಷಣದ ಮಧ್ಯಮ ಕೋನ.

ಎಲ್ಲರೂ ಎಡವುವ ಕಲ್ಲು ಇರುವುದು ಈ ಎಚ್‌ನಲ್ಲೇ. ಉಳಿದ ಕೋನಗಳೆಲ್ಲ ಡಿಗ್ರಿಯಲ್ಲಿದ್ದರೆ ಇದೊಂದು ಮಾತ್ರ ರೇಡಿಯನ್‌ನಲ್ಲಿದೆ. 3.14 ಎಂದರೆ ಹೆಚ್ಚುಕಡಿಮೆ ಪೈ, ಅಂದರೆ ಅರ್ಧ ಸುತ್ತು. ಜೂಲ್ ಒಂದನ್ನು ಬಿಟ್ಟು ಉಳಿದ ಆರೂ ಆಟದ ಮೊದಲ ದಿನ ಉಚ್ಚದ ಹತ್ತಿರವೇ ನಿಂತಿವೆ. ಇದನ್ನು 3.14 ಡಿಗ್ರಿ ಎಂದು ಓದಿಕೊಂಡರೆ ಗ್ರಹಗಳು ಸೂರ್ಯನ ಎದುರು ದಿಕ್ಕಿಗೆ ಹಾರುತ್ತವೆ, ತಪ್ಪು ತಕ್ಷಣ ಗೊತ್ತಾಗುತ್ತದೆ. ಜೂಲ್‌ನ 0.1 ಹಾಗಲ್ಲ. ಡಿಗ್ರಿ ಎಂದುಕೊಂಡರೆ ಬರುವ ವ್ಯತ್ಯಾಸ ಐದೂವರೆ ಡಿಗ್ರಿ ಚಿಲ್ಲರೆ. ಚಿತ್ರ ಸರಿಯಾಗಿಯೇ ಕಾಣುತ್ತದೆ, ನೌಕೆ ಮಾತ್ರ ಜೂಲ್ ಇಲ್ಲದ ಜಾಗಕ್ಕೆ ಹೋಗಿ ತಲುಪುತ್ತದೆ. ಇನ್ನೊಂದು ಮಾತು: 3.14 ಅನ್ನು ಪೈ ಎಂದು ತಿದ್ದಲು ಹೋಗಬೇಡಿ. ಆಟದಲ್ಲಿರುವುದು 3.14ರಷ್ಟೇ.

ಉಳಿದ ಸಾಲುಗಳು:

ಎನ್ = √(0.546964 ÷ ಎ³)

ಎಂ = ಎಚ್ + ಎನ್ × ಟಿ

ಎಫ್(ಎಕ್ಸ್) = ಎಕ್ಸ್ − (ಎಕ್ಸ್ − ಕೆ × ಸೈನ್ ಎಕ್ಸ್ − ಎಂ) ÷ (1 − ಕೆ × ಕಾಸ್ ಎಕ್ಸ್)

ಜಿ = ಎಫ್(ಎಫ್(ಎಫ್(ಎಂ)))

ಯು = ಎ × (ಕಾಸ್ ಜಿ − ಕೆ)

ವಿ = ಎ × √(1 − ಕೆ²) × ಸೈನ್ ಜಿ

ಪಿ = (ಯು × ಕಾಸ್ ಡಬ್ಲ್ಯೂ − ವಿ × ಸೈನ್ ಡಬ್ಲ್ಯೂ, ಯು × ಸೈನ್ ಡಬ್ಲ್ಯೂ + ವಿ × ಕಾಸ್ ಡಬ್ಲ್ಯೂ)

ಎನ್ ದಿನವೊಂದಕ್ಕೆ ಮಧ್ಯಮ ಗತಿ. ಕೆಪ್ಲರನ ಮೂರನೆಯ ನಿಯಮವೇ ಅದು. ಟಿ ದಿನಗಳ ಸ್ಲೈಡರ್. ಎಫ್ ಎಂಬುದು ನ್ಯೂಟನ್‌ನ ಒಂದು ತಿದ್ದುಪಡಿ, ಅದನ್ನು ಒಂದರೊಳಗೊಂದು ಮೂರು ಸಲ ಇಟ್ಟರೆ ಈ ಏಳಕ್ಕೂ ಸಾಕಾಗುತ್ತದೆ. ಧೂಮಕೇತುವಿನಂತೆ ಉದ್ದಕ್ಕೆ ಚಾಚಿದ, ಕೆ 0.9 ದಾಟಿದ ಕಕ್ಷೆ ಹಾಕುವುದಾದರೆ ಎಂನಿಂದ ಶುರುಮಾಡಿದ ಊಹೆ ಕೆಲವು ಕಡೆ ಎಲ್ಲೆಲ್ಲಿಗೋ ಜಿಗಿಯುತ್ತದೆ. ಆಗ ಎಂ ಅನ್ನು ಒಂದು ಸುತ್ತಿನೊಳಗೆ ಮಡಚಿ, ಪೈನಿಂದ ಊಹೆ ಶುರುಮಾಡಿ, ಎಫ್ ಅನ್ನು ಆರೇಳು ಸಲ ಹಾಕಬೇಕು. ಯು, ವಿ ಎಂಬೆರಡು ನೀಚವನ್ನು ಬಲಕ್ಕಿಟ್ಟು ಅಳೆದ ಜಾಗ. ಪಿ ಅದನ್ನು ಸರಿಯಾದ ದಿಕ್ಕಿಗೆ ತಿರುಗಿಸುತ್ತದೆ. ಕಕ್ಷೆಯ ಗೆರೆ ಬೇಕಾದರೆ ಯು, ವಿ, ಪಿ ಮೂರನ್ನೂ ಸೇರಿಸಿ ಒಂದೇ ಸಾಲಾಗಿ ಬರೆದು, ಜಿ ಇರುವಲ್ಲೆಲ್ಲ ಚಿಕ್ಕ ಟಿ ಹಾಕಿ.

ಡೆಸ್ಮೋಸ್‌ನದೇ ಕೆಲವು ಹಟಗಳಿವೆ. ಚಿಕ್ಕ ಇ ಅಕ್ಷರ ಅದರಲ್ಲಿ ಆಯ್ಲರನ ಸಂಖ್ಯೆ 2.718ಕ್ಕೆ ಮೀಸಲು, ಪುಸ್ತಕದಲ್ಲಿರುವಂತೆ ಉತ್ಕೇಂದ್ರತೆಗೆ ಆ ಅಕ್ಷರ ಕೊಡಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಕೆ ಬಂದದ್ದು. ಕೋನದ ಏಕಮಾನ ರೇಡಿಯನ್‌ನಲ್ಲೇ ಇರಲಿ. ಚಿಕ್ಕ ಟಿಯ ವ್ಯಾಪ್ತಿ ಮೊದಲಿಗೆ 0ಯಿಂದ 1ರವರೆಗೆ ಇರುತ್ತದೆ. ಬದಲಿಸದಿದ್ದರೆ ಕಕ್ಷೆಯ ಬದಲು ಒಂದು ತುಂಡು ಬಿಲ್ಲು ಬಂದು ನಿಲ್ಲುತ್ತದೆ, ಅದನ್ನು 0ಯಿಂದ 2 ಪೈವರೆಗೆ ಮಾಡಿ. ಸ್ಲೈಡರ್ ಮೊದಲಿಗೆ −10ರಿಂದ 10ರವರೆಗೆ ಓಡುತ್ತದೆ. 0ಯಿಂದ 1000, ಹೆಜ್ಜೆ 1 ಎಂದು ತಿದ್ದಿ. ಎರಡು ಅಕ್ಷಗಳ ಅಳತೆ ಸಮವಾಗಿಲ್ಲದಿದ್ದರೆ ಕೆರ್ಬಿನ್‌ನ ಶುದ್ಧ ವೃತ್ತವೂ ಮೊಟ್ಟೆಯಾಗಿ ಕಾಣುತ್ತದೆ. ಎಲ್ಲಕ್ಕಿಂತ ಕಳ್ಳ ತಪ್ಪು ಪಟ್ಟಿಯದು: ಒಂದು ಪಟ್ಟಿಯಲ್ಲಿ ಆರೇ ಸಂಖ್ಯೆ ಇದ್ದರೆ ಡೆಸ್ಮೋಸ್ ದೂರು ಹೇಳುವುದಿಲ್ಲ, ಸದ್ದಿಲ್ಲದೆ ಎಲ್ಲವನ್ನೂ ಆರಕ್ಕೆ ಇಳಿಸುತ್ತದೆ. ನಡುವೆ ಒಂದು ಸಂಖ್ಯೆ ಬಿಟ್ಟಿದ್ದರೆ ಡ್ರೆಸ್‌ನ ಉತ್ಕೇಂದ್ರತೆ ಡೂನಾಕ್ಕೆ ಬಂದು ಕೂತಿರುತ್ತದೆ. ಪರದೆಯ ಮೇಲೆ ಏಳು ಚುಕ್ಕೆ ಇವೆಯೇ ಎಂದು ಎಣಿಸಿ ನೋಡುವುದು ಅಭ್ಯಾಸವಾಗಬೇಕು. ನೆಟ್‌ವರ್ಕ್ ಬಂದುಹೋಗುವ ಘಟ್ಟದ ಊರುಗಳಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾದ ಜಿಯೋಜಿಬ್ರಾ ಹೆಚ್ಚು ಅನುಕೂಲ. ಬರೆಯುವ ರೀತಿ ಸ್ವಲ್ಪ ಬೇರೆ, ಗಣಿತ ಇದೇ.

ಪರೀಕ್ಷೆ ಹೀಗೆ. ಟಿ ಸೊನ್ನೆಯಲ್ಲಿ ಕೆರ್ಬಿನ್ (−13.5998, 0.0217) ಎಂಬಲ್ಲಿರಬೇಕು. 0.0217ರ ಜಾಗದಲ್ಲಿ ಸೊನ್ನೆ ಬಂದರೆ ಎಲ್ಲೋ 3.14ರ ಬದಲು ಪೈ ಬಂದು ಕೂತಿದೆ. ಟಿ 426.09 ಮಾಡಿದರೆ ಒಂದು ಸುತ್ತು ಮುಗಿದು ಅಲ್ಲಿಗೇ ಬರಬೇಕು. ಮೋಹೋ 102.58 ದಿನಕ್ಕೆ, ಡೂನಾ 801.64 ದಿನಕ್ಕೆ ಹೊರಟಲ್ಲಿಗೆ ಬರಬೇಕು. ಆಟದ ಪಂಚಾಂಗ ವರ್ಷಕ್ಕೆ 426 ದಿನ ಎಣಿಸುತ್ತದೆ, ಮತ್ತು ಮೊದಲ ಕ್ಷಣವನ್ನೇ ಮೊದಲ ವರ್ಷ ಮೊದಲ ದಿನ ಎನ್ನುತ್ತದೆ. ಹಾಗಾಗಿ ಟಿ ಬೇಕಾದರೆ ವರ್ಷದಲ್ಲಿ ಒಂದು ಕಳೆದು 426ರಿಂದ ಗುಣಿಸಿ, ದಿನದಲ್ಲೂ ಒಂದು ಕಳೆದು ಕೂಡಿಸಬೇಕು. ಸೆಟ್ಟಿಂಗ್‌ನಲ್ಲಿ ಭೂಮಿಯ ಕಾಲ ಆಯ್ದುಕೊಂಡಿದ್ದರೆ 24 ಗಂಟೆಯ ದಿನ ಬರುತ್ತದೆ, ಅದನ್ನು ಕೆರ್ಬಿನ್ ಕಾಲಕ್ಕೆ ಬದಲಿಸಿಕೊಂಡೇ ಮುಂದುವರಿಯಿರಿ.

ಇನ್ನು ಡೂನಾ. ಇಂಧನ ಉಳಿಸುವ ದಾರಿ ಎಂದರೆ ಒಂದು ತುದಿಯಲ್ಲಿ ಕೆರ್ಬಿನ್ ಕಕ್ಷೆಯನ್ನೂ ಇನ್ನೊಂದು ತುದಿಯಲ್ಲಿ ಡೂನಾ ಕಕ್ಷೆಯನ್ನೂ ಮುಟ್ಟುವ ಅರ್ಧ ದೀರ್ಘವೃತ್ತ. ಎರಡೂ ಕಕ್ಷೆಗಳನ್ನು ವೃತ್ತವೆಂದು ಹಿಡಿದರೆ ಪಯಣ 302 ದಿನ. ಅಷ್ಟರಲ್ಲಿ ಡೂನಾ 135.6 ಡಿಗ್ರಿ ಸರಿಯುತ್ತದೆ. ಆದ್ದರಿಂದ ಹೊರಡುವಾಗ ಡೂನಾ ಕೆರ್ಬಿನ್‌ಗಿಂತ 180ರಲ್ಲಿ 135.6 ಕಳೆದು 44.4 ಡಿಗ್ರಿ ಮುಂದಿರಬೇಕು. ಆಟಗಾರರ ನಡುವೆ ಪ್ರಸಿದ್ಧವಾದ 44 ಡಿಗ್ರಿ ಇದೇ. ಆಟದ ಆರಂಭದಲ್ಲಿ ಡೂನಾ 135.5 ಡಿಗ್ರಿ ಮುಂದಿದೆ, ದಿನಕ್ಕೆ 0.396 ಡಿಗ್ರಿಯಂತೆ ಅಂತರ ಕರಗುತ್ತದೆ, ಹೀಗೆ ಲೆಕ್ಕ ಹಾಕಿದರೆ ಹೊರಡುವ ದಿನ ಟಿ 230.

ಆದರೆ ಈಗ ನಮ್ಮ ಬಳಿ ಸ್ಫುಟ ಗ್ರಹಗಳಿವೆ. ಮಾದರಿಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಚುಕ್ಕೆಗಳ ದಿಕ್ಕನ್ನು ಆರ್ಕ್‌ಟ್ಯಾನ್‌ನಿಂದ ತೆಗೆಯಿರಿ. ವೈ, ಎಕ್ಸ್ ಎರಡನ್ನೂ ಅಲ್ಪವಿರಾಮ ಹಾಕಿ ಬೇರೆಬೇರೆಯಾಗಿ ಕೊಡಬೇಕು. ಭಾಗಿಸಿ ಕೊಟ್ಟರೆ ಎದುರುಬದುರು ದಿಕ್ಕುಗಳು ಒಂದೇ ಆಗಿಬಿಡುತ್ತವೆ. ಎರಡರ ವ್ಯತ್ಯಾಸ ಡಿಗ್ರಿಯಲ್ಲಿ 44.4 ಆಗುವುದು ಟಿ ಸುಮಾರು 215ರಲ್ಲಿ. 230 ಎಲ್ಲಿ, 215 ಎಲ್ಲಿ! ಕಾರಣ ಮಂದಫಲ. ಉಚ್ಚದಿಂದ ಹೊರಟ ಡೂನಾ ಆ ಹೊತ್ತಿಗೆ ಮಧ್ಯಮಕ್ಕಿಂತ 5.85 ಡಿಗ್ರಿ ಹಿಂದೆ ಉಳಿದಿದೆ, ಅದರ ಮಂದಫಲದ ಪರಮಾವಧಿ ಹೆಚ್ಚುಕಡಿಮೆ ಅಷ್ಟೇ.

ಸ್ಫುಟ ಜಾಗ ಬಳಸಿದ್ದೇವೆ, ಹಾಗಾದರೆ 215 ಸರಿಯೇ? ಅಲ್ಲ. ಅವತ್ತು ಹೊರಟ ನೌಕೆ ಡೂನಾ ಕಕ್ಷೆ ಮುಟ್ಟುವಾಗ ಗ್ರಹ ಆರೂವರೆ ಡಿಗ್ರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಅಂತರ ಸುಮಾರು 2.3 ಗಿಗಾಮೀಟರ್. ಡೂನಾದ ಗುರುತ್ವ ವಲಯದ, ಅಂದರೆ ನೌಕೆಯ ಮೇಲೆ ಅದರ ಸೆಳೆತವೇ ನಡೆಯುವ ಜಾಗದ, ತ್ರಿಜ್ಯ 0.048 ಗಿಗಾಮೀಟರ್ ಮಾತ್ರ. ಕರಾವಳಿಯ ಅಳತೆಯಲ್ಲಿ 48 ಮೀಟರಿನ ವೃತ್ತದೊಳಗೆ ಬೀಳಬೇಕಾದ್ದು ಎರಡೂಕಾಲು ಕಿಲೋಮೀಟರ್ ಆಚೆ ಬಿದ್ದ ಹಾಗೆ. 44 ಡಿಗ್ರಿಯ ಸೂತ್ರ ಹುಟ್ಟಿದ್ದು ಡೂನಾ ಒಂದೇ ವೇಗದಲ್ಲಿ ಹೋಗುತ್ತದೆ ಎಂಬ ಊಹೆಯಿಂದ. ಪಯಣದ ಅವಧಿಯಲ್ಲೋ ಅದು ನೀಚವನ್ನು ಹಾದು, ಸರಾಸರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಮಧ್ಯಮಕ್ಕೆ ಮಾಡಿದ ಸೂತ್ರಕ್ಕೆ ಸ್ಫುಟ ಜಾಗ ತುಂಬಿದರೆ ಎರಡರ ಒಳ್ಳೆಯದೂ ಕೈತಪ್ಪುತ್ತದೆ.

ಸರಿಯಾದ ದಾರಿ ಹೊರಡುವ ಕೋನವನ್ನು ಮರೆತು ತಲುಪುವ ಜಾಗವನ್ನು ನೋಡುವುದು. ಒಂದು ದಿನ ಆಯ್ದುಕೊಳ್ಳಿ, 230 ಎನ್ನಿ. ನೌಕೆ ತಲುಪುವ ದಿಕ್ಕು ಎಂದರೆ ಅವತ್ತಿನ ಕೆರ್ಬಿನ್ ದಿಕ್ಕಿಗೆ ನೇರ ಎದುರು. ಪಯಣ 302 ದಿನ ಎಂದುಕೊಂಡು ಆ ದಿನ ಡೂನಾ ಸೂರ್ಯನಿಂದ ಎಷ್ಟು ದೂರದಲ್ಲಿದೆ ಎಂದು ಮಾದರಿಯಲ್ಲಿ ಓದಿ. ನೀಚದ ಕಡೆಗಿರುವುದರಿಂದ 20.7 ಇರುವುದಿಲ್ಲ, 20.2ರ ಆಸುಪಾಸು ಇರುತ್ತದೆ. ಆ ದೂರಕ್ಕೂ ಕೆರ್ಬಿನ್‌ನ 13.6ಕ್ಕೂ ಸರಾಸರಿ ತೆಗೆದು ಪಯಣದ ಅವಧಿಯನ್ನು ಮತ್ತೆ ಲೆಕ್ಕ ಹಾಕಿ: ಸರಾಸರಿಯ ಘನವನ್ನು 0.546964ರಿಂದ ಭಾಗಿಸಿ, ವರ್ಗಮೂಲ ತೆಗೆದು, ಪೈನಿಂದ ಗುಣಿಸಿದರೆ 295 ದಿನ ಬರುತ್ತದೆ. ಎರಡು ಮೂರು ಸುತ್ತಿಗೆ ಸಂಖ್ಯೆ ನಿಲ್ಲುತ್ತದೆ. ಬಳಿಕ ಆ ದಿನದ ಡೂನಾ ದಿಕ್ಕಿಗೂ ನೌಕೆಯ ದಿಕ್ಕಿಗೂ ಹೋಲಿಸಿ, ಡೂನಾ ಮುಂದಿದ್ದರೆ ಹೊರಡುವ ದಿನವನ್ನು ಮುಂದೆ ತಳ್ಳಿ. ಎರಡೂ ಕೂಡುವುದು ಟಿ 235ರಲ್ಲಿ. ಆಟದ ಗಡಿಯಾರದಲ್ಲಿ ಅದು ಮೊದಲ ವರ್ಷದ 236ನೆಯ ದಿನ. ಅವತ್ತು ಎರಡು ಗ್ರಹಗಳ ನಡುವಿನ ಕೋನ ಅಳೆದರೆ 44 ಇಲ್ಲ, 37 ಡಿಗ್ರಿಗೂ ತುಸು ಕಡಿಮೆ. ಇಂಧನದ ಲೆಕ್ಕ ಬೇರೆಯದೇ ವಿಷಯ. ಕೆರ್ಬಿನ್‌ನಿಂದ 100 ಕಿಲೋಮೀಟರ್ ಎತ್ತರದ ಕಕ್ಷೆಯಿಂದ ಹೊರಡಲು ಸೆಕೆಂಡಿಗೆ 1,050 ಮೀಟರಿನಷ್ಟು ವೇಗ ಕೂಡಿಸಬೇಕು ಎಂಬುದಷ್ಟು ನೆನಪಿರಲಿ.

ನೌಕೆಯನ್ನೂ ಪರದೆಯ ಮೇಲೆ ಓಡಿಸಬೇಕೆಂದರೆ ಹೊಸ ಸೂತ್ರ ಬೇಡ, ಅದೂ ಒಂದು ಪುಟ್ಟ ಗ್ರಹವೇ. ಅರ್ಧಾಕ್ಷ 16.9, ಉತ್ಕೇಂದ್ರತೆ 0.195, ನೀಚದ ದಿಕ್ಕು ಹೊರಡುವ ದಿನದ ಕೆರ್ಬಿನ್ ದಿಕ್ಕು ಎಂದರೆ 18.5 ಡಿಗ್ರಿ. ಎಂಟನೆಯ ಸಂಖ್ಯೆಯಾಗಿ ಇವನ್ನು ಪಟ್ಟಿಗಳಿಗೆ ಸೇರಿಸಿ. ಮಧ್ಯಮ ಕೋನ ಟಿ 235ರಲ್ಲಿ ಸೊನ್ನೆಯಾಗುವಂತೆ ಎಚ್‌ಗೆ −235 × ಎನ್‌ನ ಬೆಲೆಯನ್ನು ಕೊಡಿ. ಈ ಅರ್ಧಾಕ್ಷಕ್ಕೆ ಎನ್ 0.010645, ಹಾಗಾಗಿ ಎಚ್ −2.5016. ಸ್ಲೈಡರನ್ನು 235ಕ್ಕೆ ತಂದರೆ ನೌಕೆಯ ಚುಕ್ಕೆ ಕೆರ್ಬಿನ್ ಮೇಲೆ ಕೂರುತ್ತದೆ, 530ಕ್ಕೆ ತಂದರೆ ಡೂನಾ ಮೇಲೆ.

ಈ ಮಾದರಿ ಕಾಗದದಂತೆ ಚಪ್ಪಟೆ. ಡೂನಾಕ್ಕೆ ಇದು ಸಾಲುತ್ತದೆ: ಅದರ ಕಕ್ಷೆಯ ಓರೆ 0.06 ಡಿಗ್ರಿ, ಅದರಿಂದ ಏಳುವ ಎತ್ತರ ಹೆಚ್ಚೆಂದರೆ 0.023 ಗಿಗಾಮೀಟರ್, ಗುರುತ್ವ ವಲಯದ ಒಳಗೇ ಬಂತು. ಮೋಹೋಗೆ ಸಾಲುವುದಿಲ್ಲ. ಅದರ ಓರೆ 7 ಡಿಗ್ರಿ, ಎತ್ತರ ಅರ್ಧ ಗಿಗಾಮೀಟರಿಗಿಂತ ಹೆಚ್ಚು, ಗುರುತ್ವ ವಲಯವೋ 0.0096 ಮಾತ್ರ. ಅಲ್ಲಿಗೆ ಹೋಗುವವರು ಡಬ್ಲ್ಯೂವನ್ನು ಮತ್ತೆ ಎರಡು ತುಂಡು ಮಾಡಿಕೊಂಡು, ಮೊದಲು ಪಾತದಿಂದ ನೀಚದವರೆಗಿನ 15 ಡಿಗ್ರಿ ತಿರುಗಿಸಿ, ಆಮೇಲೆ 7 ಡಿಗ್ರಿ ಓರೆ ಎತ್ತಿ, ಕೊನೆಗೆ ಪಾತದ 70 ಡಿಗ್ರಿ ತಿರುಗಿಸಬೇಕು. ಡೆಸ್ಮೋಸ್‌ನ ಮೂರು ಆಯಾಮದ ಪರದೆಯಲ್ಲಿ ಇದಕ್ಕೆ ಜಾಗವಿದೆ. ಕ್ರಮ ಮಾತ್ರ ಇದೇ ಇರಬೇಕು. 70 ಮೊದಲು ತಿರುಗಿಸಿ 7 ಆಮೇಲೆ ಎತ್ತಿದರೆ ಓರೆ ಸರಿಯಾಗಿಯೇ ಕಾಣುತ್ತದೆ, ಆದರೆ ಕಕ್ಷೆ ಸಮತಲವನ್ನು ದಾಟುವ ಬಿಂದು 70 ಡಿಗ್ರಿ ಆಚೆ ಹೋಗಿ ಕೂತಿರುತ್ತದೆ.